ನುಂಗಿದ ಮಾತು

ಹುಬ್ಬಳ್ಳಿಯ ಹೊರವಲಯದ ಚಕ್ರಶಕ್ತಿ ಬ್ಯಾಟರಿ ಕಾರ್ಖಾನೆಗೆ ಆ ಯಂತ್ರ ಬಂದದ್ದು ಒಂದು ಸೋಲಿನ ಬೆನ್ನಿಗೆ.

ಊರಿನ ಆಟೋಗಳೆಲ್ಲ ಬ್ಯಾಟರಿಯ ಮೇಲೆ ಓಡತೊಡಗಿ ಆಗಲೇ ಹದಿನೈದು ವರ್ಷವಾಗಿತ್ತು. ಬರಿದಾದ ಪೆಟ್ಟಿಗೆ ಕೊಟ್ಟು ತುಂಬಿದ ಪೆಟ್ಟಿಗೆ ಎತ್ತಿಕೊಂಡು ಹೋಗುವ ಕಟ್ಟೆಗಳು ಪಾನ್ ಅಂಗಡಿಗಳಷ್ಟೇ ಸಾಮಾನ್ಯವಾಗಿದ್ದವು. ಆ ಪೆಟ್ಟಿಗೆಗಳಲ್ಲಿ ಮೂರಕ್ಕೊಂದು ಚಕ್ರಶಕ್ತಿಯದು. ಆ ಹುಮ್ಮಸ್ಸಿನಲ್ಲಿ ಕಾರ್ಖಾನೆ ಟ್ರ್ಯಾಕ್ಟರಿಗೂ ಒಂದು ಬ್ಯಾಟರಿ ಮಾಡಲು ಹೊರಟಿತು. ಒಂಬತ್ತು ತಿಂಗಳ ಕೆಲಸ. ಪ್ರತಿ ಹಂತಕ್ಕೊಂದು ಸಭೆ, ಪ್ರತಿ ಸಭೆಯಲ್ಲೂ ಎಲ್ಲರ ಕೈ ಮೇಲೆ. ಬ್ಯಾಟರಿ ಹೊಲಕ್ಕೆ ಹೋದ ಮೇಲೆ ತಿಳಿಯಿತು, ಅದನ್ನು ಎತ್ತಿ ಇಳಿಸಲು ನಾಲ್ಕು ಆಳು ಬೇಕು ಎಂದು. ನಡುಹೊಲದಲ್ಲಿ ನಾಲ್ಕು ಆಳು ಎಲ್ಲಿಂದ ಬರಬೇಕು? ಎರಡನೆಯ ಸಲ ಯಾರೂ ಅದನ್ನು ಕೇಳಲಿಲ್ಲ.

ಸೋಲಿನ ಕಾರಣ ಹುಡುಕಲು ಸಭೆ ಕರೆದವಳು ಜನರಲ್ ಮ್ಯಾನೇಜರ್ ಇಂದುಮತಿ ಬಡಿಗೇರ. ಇಪ್ಪತ್ತೆರಡು ವರ್ಷದ ಹಿಂದೆ, ಕಾರ್ಖಾನೆ ಇನ್ನೂ ಮನೆಗಳ ಇನ್ವರ್ಟರ್ ಬ್ಯಾಟರಿ ಮಾಡುತ್ತಿದ್ದಾಗ, ತಂತಿ ಬೆಸೆಯುವ ಕೆಲಸಕ್ಕೆ ಸೇರಿದವಳು. ದೂರಶಿಕ್ಷಣದಲ್ಲಿ ಮ್ಯಾನೇಜ್‌ಮೆಂಟ್ ಓದಿ ಒಂದೊಂದೇ ಮೆಟ್ಟಿಲು ಹತ್ತಿದ್ದಳು.

"ಭಾರ ಆಗ್ತೈತಿ ಅಂತ ನಂಗ ಮೊದಲ ಅನಿಸಿತ್ರಿ," ಅಂದ ಡಿಸೈನಿನವನು.

"ನಂಗೂ ಅನಿಸಿತ್ತು," ಅಂದ ಮಾರಾಟದವನು. ಆಮೇಲೆ ಮತ್ತೊಬ್ಬ, ಮಗದೊಬ್ಬ.

"ಅನಿಸಿತ್ತಂದ್ರ ಆವಾಗ ಯಾಕ ಬಾಯಿ ಬಿಡಲಿಲ್ಲ?"

ಕೊನೆಗೆ ಮಾರಾಟದವನೇ ಹೇಳಿದ: "ಎಲ್ಲಾರೂ ಹೂಂ ಅಂದಿದ್ರಲ್ಲರಿ ಮೇಡಮ್. ನಾ ಒಬ್ಬಾಂವ ಊಹೂಂ ಅಂದ್ರ ಹೆಂಗ?"

ಕಾರ್ಖಾನೆಯ ಮಾಲೀಕ ವಿರೂಪಾಕ್ಷ ಕಲಘಟಗಿಯವರು ತಮ್ಮ ಕೋಣೆಯ ಗೋಡೆಯ ಮೇಲೆ ನಾಲ್ಕು ಪದ ದೊಡ್ಡದಾಗಿ ಬರೆಸಿದ್ದರು: ಯೋಜನೆ, ಸಂಘಟನೆ, ನಿರ್ದೇಶನ, ನಿಯಂತ್ರಣ. ಬಾಯಲ್ಲಿ ಸದಾ ಒಂದು ಮಾತು: "ಅಳಿಯಾಕ ಬರದ್ದನ್ನ ಆಳಾಕ ಬರೂದಿಲ್ಲ." ಇಂದುಮತಿಯ ವರದಿಯನ್ನು ಎರಡು ಸಲ ಓದಿ ಅವರು ಕೇಳಿದರು: "ಜನ ಹೂಂ ಅಂತ ಕೈ ಎತ್ತಿದಾಗ ಒಳಗ ಊಹೂಂ ಎಷ್ಟೈತಿ ಅಂತ ಅಳಿಯಾಕ ಬರ್ತೈತೇನು?"

ಬರುತ್ತದೆ ಎಂದಿತು ಧಾರವಾಡದ ಒಂದು ಪ್ರಯೋಗಾಲಯ.

ಆ ಪ್ರಯೋಗಾಲಯ ನಡೆಸುತ್ತಿದ್ದ ಡಾಕ್ಟರ್ ಫಿರ್ದೋಸ್ ನದಾಫ ಮೊದಲು ತೊದಲುವ ಮಕ್ಕಳ ಗಂಟಲಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಹೆಂಗಸು. ಇಂದುಮತಿಯನ್ನು ಕೂರಿಸಿ ಚಹಾ ತರಿಸಿದಳು. ಮೇಜಿನ ಮೇಲೆ ಮುಚ್ಚಿದ ಬೋಗುಣಿಯಂಥ ಬೂದುಬಣ್ಣದ ಯಂತ್ರ, ಅದರ ಹೊಟ್ಟೆಯ ಮೇಲೆ ಅಂಕಿ ತೋರಿಸುವ ಚಿಕ್ಕ ಕಿಟಕಿ.

"ಚಹಾ ಹೆಂಗೈತ್ರಿ?"

ಅದು ಪಾಯಸದಷ್ಟು ಸಿಹಿಯಾಗಿತ್ತು. "ಛಲೋ ಐತ್ರಿ," ಅಂದಳು ಇಂದುಮತಿ. ಕಿಟಕಿಯಲ್ಲಿ ಸೊನ್ನೆ ಇದ್ದಲ್ಲಿ ಮೂವತ್ತೆಂಟು ಮೂಡಿತು.

ಫಿರ್ದೋಸ್ ನಕ್ಕಳು. "ಬ್ಯಾಸರ ಮಾಡ್ಕೋಬ್ಯಾಡ್ರಿ, ಬೇಕಂತನ ಸಕ್ರಿ ಸುರಿಸಿದ್ದೆ. ಮಾತು ಆಡಬೇಕು ಅಂತ ಮನಸು ಮಾಡಿದ ಕೂಡ್ಲೆ ನಾಲಿಗಿ ಬುಡ, ಗಂಟಲಿನ ಸ್ನಾಯು ಎಲ್ಲಾ ತಯಾರಾಗ್ತಾವ. ಬ್ಯಾಡ ಅಂತ ತಡದ್ರ ಆ ತಯಾರಿ ಅರ್ಧಕ್ಕ ನಿಲ್ತೈತಿ. ಆಗ ಕೂದಲೆಳಿಯಷ್ಟು ಒಂದು ನಡುಕ. ನಮ್ಮ ಯಂತ್ರ ಸಣ್ಣ ಅಲೆ ಬಿಟ್ಟು ಆ ನಡುಕ ಹಿಡೀತೈತಿ. ಕೋಣ್ಯಾಗ ಕೂತವರು ಎಷ್ಟು ಮಾತು ನುಂಗಿದ್ರು ಅಂತ ಸೊನ್ನೆಯಿಂದ ನೂರರೊಳಗ ಒಂದ ಅಂಕಿ."

"ಯಾರು ನುಂಗಿದ್ರು, ಏನು ನುಂಗಿದ್ರು?"

"ಏನು ಅನ್ನೂದು ಯಂತ್ರಕ್ಕ ತಿಳಿಯಂಗಿಲ್ಲ. ಯಾರು ಅನ್ನೂದು ತಿಳೀತೈತಿ, ಆದ್ರ ನಾವು ತೋರಸಂಗಿಲ್ಲ. ತೋರಿಸಿದ್ರ ಇದು ಪೊಲೀಸ್ ಆಗ್ತೈತಿ. ಒಟ್ಟು ಎಷ್ಟು ಅಂತ ಅಷ್ಟ ಹೇಳ್ತೈತಿ. ಉಳಿದದ್ದು ಕೇಳಿ ತಿಳ್ಕೊಳ್ಳೂದು ನಿಮ್ಮ ಕೆಲಸ."

ಇಂದುಮತಿ ಕಾರ್ಖಾನೆಗೊಂದು ನಿಯಮ ಬರೆದಳು. ಅಂಕಿ ಹತ್ತರೊಳಗಿದ್ದರೆ ತೀರ್ಮಾನ ಅಂಗೀಕಾರ. ನಲವತ್ತು ದಾಟಿದರೆ ಸಭೆ ನಿಲ್ಲಬೇಕು, ಮತ್ತೆ ಮೊದಲಿಂದ ಚರ್ಚೆಯಾಗಬೇಕು. ನಡುವೆ ಇದ್ದರೆ ಅಧ್ಯಕ್ಷತೆ ವಹಿಸಿದವರು ಇನ್ನೊಂದು ಸುತ್ತು ಎಲ್ಲರನ್ನೂ ಕೇಳಬೇಕು.

ಮೊದಲ ಸಭೆಯಲ್ಲೇ ಅಂಕಿ ಅರವತ್ತೇಳು ತೋರಿಸಿತು. ವಿಷಯ ಊಟದ ಬಿಡುವಿನ ವೇಳೆ ಬದಲಿಸುವುದು, ಅಷ್ಟೇ. ಎಲ್ಲರೂ ಮುಖ ಮುಖ ನೋಡಿಕೊಂಡರು, ಆಮೇಲೆ ಯಾರೋ ಕಿಸಕ್ಕೆಂದು ನಕ್ಕರು, ಆ ನಗುವಿನಲ್ಲಿ ಬಾಯಿಗಳು ಬಿಚ್ಚಿದವು. ಕೆಲಸಗಾರರು ಯಂತ್ರಕ್ಕೆ ಗಂಟಲಪ್ಪ ಎಂದು ಹೆಸರಿಟ್ಟರು. ಆರು ವಾರದಲ್ಲಿ ಗಂಟಲಪ್ಪನ ದೆಸೆಯಿಂದ ಎರಡು ತಪ್ಪು ಖರೀದಿ ನಿಂತವು, ಲಾರಿ ತುಂಬುವ ಜಾಗ ಬದಲಾಯಿತು, ಹತ್ತು ವರ್ಷದಿಂದ ಯಾರಿಗೂ ಬೇಡವಾಗಿದ್ದ ಶನಿವಾರದ ವರದಿ ರದ್ದಾಯಿತು.

ಹೆಚ್ಚು ಬದಲಾದದ್ದು ಕೆಳಗಿನ ಸಾಲಿನವರು. ಆಗ ಸಭೆಗೆ ಹತ್ತೊಂಬತ್ತು ಮಂದಿ ಬರುತ್ತಿದ್ದರು. ಪ್ರತಿ ವಿಭಾಗದಿಂದ ಕೈಯಲ್ಲಿ ಕೆಲಸ ಮಾಡುವವರೊಬ್ಬರಾದರೂ ಇರಬೇಕೆಂದು ಇಂದುಮತಿಯೇ ಹಟ ಹಿಡಿದಿದ್ದಳು. ಜೋಡಣೆ ವಿಭಾಗದಿಂದ ಬರುತ್ತಿದ್ದವಳು ಸೋನಾಬಾಯಿ ಲಮಾಣಿ, ಬ್ಯಾಟರಿಯ ಕೋಶಗಳನ್ನು ತಂಪಿಡುವ ಅಲ್ಯೂಮಿನಿಯಂ ತಗಡಿಗೆ ಅಂಟು ಬಳಿಯುವ ಹದಿನಾಲ್ಕು ಹೆಂಗಸರಲ್ಲಿ ಹಿರಿಯಳು. ಮೊದಮೊದಲು ಸೆರಗಿನ ಅಂಚು ತಿರುವುತ್ತ ಕೂರುತ್ತಿದ್ದವಳು ಮೂರನೆಯ ಸಭೆಯಲ್ಲಿ, "ಅಕ್ಕಾರ, ಅದು ಹಂಗಲ್ರಿ," ಎಂದು ಶುರು ಮಾಡಿದಳು. ಆಮೇಲೆ ಪ್ರತಿ ಸಭೆಯಲ್ಲೂ ಅವಳದೊಂದು "ಹಂಗಲ್ರಿ" ಇರುತ್ತಿತ್ತು.

ಒಂದು ಶನಿವಾರ ಇಂದುಮತಿ ಯಂತ್ರವನ್ನು ಮನೆಗೆ ತಂದಳು. ಸೋಮವಾರ ಅಲ್ಲಿಂದಲೇ ಗದಗಿನ ಶಾಖೆಗೆ ಒಯ್ಯಬೇಕಿತ್ತು.

ಅವಳ ಗಂಡ ಪ್ರಕಾಶ ಹಾರ್ಮೋನಿಯಂ ರಿಪೇರಿಯವನು. ಎಲ್ಲೆಲ್ಲಿಂದಲೋ ಸಂಗೀತಗಾರರು ಪೆಟ್ಟಿಗೆ ಹೊತ್ತು ಅವನ ಅಂಗಡಿಗೆ ಬರುತ್ತಿದ್ದರು. ಸ್ವರ ಕೂಡಿಸುವುದರಲ್ಲಿ ಅವನ ಕಿವಿ ಅಂಥದ್ದು. ಭಾನುವಾರ ಮಧ್ಯಾಹ್ನ ಅವನು, ಅವನ ತಾಯಿ ಗಂಗವ್ವ, ಇಂದುಮತಿ ಮೂವರೂ ಊಟಕ್ಕೆ ಕೂತಾಗ ತಮಾಷೆಗೆಂದು ಯಂತ್ರ ಚಾಲೂ ಮಾಡಿದಳು.

"ಇದೇನ ಮಾಡ್ತೈತಿ?" ಗಂಗವ್ವ ಕೇಳಿದಳು.

"ನಾವು ಎಷ್ಟು ಮಾತು ನುಂಗ್ತೀವಿ ಅಂತ ಹೇಳ್ತೈತ್ರಿ, ಅತ್ತಿ."

"ಹಂಗಾದ್ರ ಪಾಪ, ಇದರ ಹೊಟ್ಟಿ ಒಡಿತೈತಿ ನೋಡು. ನಲವತ್ತೆಂಟು ವರ್ಷದ್ದು ನನ್ನ ಕಡೇನ ಐತಿ."

ಪ್ರಕಾಶ ನಕ್ಕ. ಇಂದುಮತಿ ರೊಟ್ಟಿ ಬಡಿಸುತ್ತ, ಅಂಗಡಿ ಹೇಗೆ ನಡೆದಿದೆ ಎಂದು ಕೇಳಿದಳು. ಅವನು ಉತ್ತರಿಸಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು.

"ಆಂ? ನಡದೈತಿ. ಛಲೋನ ನಡದೈತಿ," ಅಂದ.

ಅಂಕಿ ಹನ್ನೆರಡರಿಂದ ಐವತ್ತೊಂದಕ್ಕೆ ಹಾರಿತು. ಗಂಗವ್ವ ತಾಟಿನತ್ತ ಕಣ್ಣು ತಗ್ಗಿಸಿದಳು. ಇಂದುಮತಿ ಗಂಡನ ಮುಖ ನೋಡಿದಳು. ಕೇಳಬಹುದಿತ್ತು. ಆದರೆ ನಗರದ ದೊಡ್ಡ ಆರ್ಡರಿನ ವಿಚಾರವಾಗಿ ಅಷ್ಟರಲ್ಲಿ ಫೋನ್ ಬಂತು, ಅವಳು ಎದ್ದು ಹೋದಳು. ಮರಳಿ ಬಂದಾಗ ಯಂತ್ರವನ್ನು ಯಾರೋ ಆರಿಸಿ ಅದರ ಮೇಲೆ ಒಂದು ಟವೆಲ್ ಹಾಕಿದ್ದರು.

ಆ ಆರ್ಡರ್ ಎಂದರೆ, ಬೇಸಿಗೆ ಮುಗಿಯುವುದರೊಳಗೆ ಆರು ಸಾವಿರ ಹೊಸ ಆಟೋ ಬ್ಯಾಟರಿ. ಅದು ಕೈಗೂಡಿದರೆ ಊರಿನ ಅರ್ಧಕ್ಕಿಂತ ಹೆಚ್ಚು ಆಟೋಗಳು ಚಕ್ರಶಕ್ತಿಯ ಮೇಲೆ ಓಡುತ್ತವೆ. ಕಲಘಟಗಿಯವರು ಉತ್ಸಾಹದಲ್ಲಿದ್ದರು. ಗಂಟಲಪ್ಪನ ಕೆಲಸವೂ ಅವರಿಗೆ ಹಿಡಿಸಿತ್ತು, ಎಷ್ಟು ಹಿಡಿಸಿತ್ತೆಂದರೆ ಬಾಗಿಲ ಬಳಿ ಒಂದು ಫಲಕ ಹಾಕಿಸಿದರು. ತಿಂಗಳಿಡೀ ತನ್ನ ಸಭೆಗಳ ಅಂಕಿ ಹತ್ತರೊಳಗಿಟ್ಟುಕೊಂಡ ವಿಭಾಗಕ್ಕೆ ಹಸಿರು ಚುಕ್ಕೆ. ಇಲ್ಲವಾದರೆ ಕೆಂಪು.

"ಹಸಿರು ಅಂದ್ರ ಮನಸು ಬಿಚ್ಚಿ ಮಾತಾಡೋ ವಿಭಾಗ ಅಂತ ಅರ್ಥ," ಎಂದು ಅವರೇ ನಿಂತು ವಿವರಿಸಿದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಮೊದಲ ತಿಂಗಳು ಐದು ಕೆಂಪು, ಎರಡು ಹಸಿರು. ಎರಡನೆಯ ತಿಂಗಳು ನಾಲ್ಕು ಹಸಿರು. ಮೂರನೆಯ ತಿಂಗಳು ಏಳಕ್ಕೆ ಏಳೂ ಹಸಿರು. ಜನ ಕಲಿತಿದ್ದರು. ಕೆಲವರು ಸಭೆಯಲ್ಲಿ ಏಲಕ್ಕಿ ಜಗಿಯುತ್ತಿದ್ದರು. ಬಾಯಿ ಆಡುತ್ತಿದ್ದರೆ ನಡುಕ ಸಿಗುವುದಿಲ್ಲವೆಂದು ಯಾರೋ ಕಂಡುಹಿಡಿದಿದ್ದರು. ಕೆಲವರು ದೊಡ್ಡ ಮಾತು ನುಂಗುವ ಮೊದಲು "ಫ್ಯಾನ್ ಸದ್ದು ಭಾಳ ಆತು" ಎಂಬಂಥ ಸಣ್ಣ ದೂರೊಂದನ್ನು ಆಡಿ ಗಂಟಲು ಸಡಿಲ ಮಾಡಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಸುಲಭದ ಉಪಾಯ ಉತ್ಪಾದನೆಯ ಮುಖ್ಯಸ್ಥ ಅಮರೇಶ ಪಟ್ಟಣಶೆಟ್ಟಿಗೆ ಹೊಳೆಯಿತು. ಅವನು ಕೆಟ್ಟವನಲ್ಲ, ಅವಸರದವನು. ಒಂದು ಬೆಳಿಗ್ಗೆ ಇಂದುಮತಿಯ ಕೋಣೆಗೆ ಪಟ್ಟಿ ಹಿಡಿದು ಬಂದ.

"ಮೇಡಮ್, ಹತ್ತೊಂಬತ್ತು ಮಂದಿ ಅಂದ್ರ ಸಭಾ ಅಲ್ರಿ, ಸಂತಿ. ಒಂದೊಂದು ತೀರ್ಮಾನಕ್ಕ ಮೂರು ಮೂರು ತಾಸು. ಲೈನಿನವರು ಕೂತ್ರ ಅಲ್ಲಿ ಕೆಲಸ ನಿಲ್ತೈತಿ. ಅವರ ಪರವಾಗಿ ನಾ ಇರ್ತೀನಲ್ಲ."

ಆರ್ಡರಿನ ಗಡುವು ಎದೆಯ ಮೇಲೆ ಕೂತಿತ್ತು. ನಿರ್ಧಾರ ಮಾಡುವ ಗುಂಪು ಚಿಕ್ಕದಾಗಿದ್ದಷ್ಟೂ ಚುರುಕು ಎಂದು ಅವಳೂ ಓದಿದ್ದಳು, ಅದು ಸುಳ್ಳೂ ಅಲ್ಲ. ಪೆನ್ನು ತೆಗೆದುಕೊಂಡು ಎಂಟು ಹೆಸರು ಹೊಡೆದಳು. ಆರನೆಯದು ಸೋನಾಬಾಯಿಯದು. ಅದರ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಗೆರೆ ಎಳೆಯಿತು.

ಫೆಬ್ರುವರಿಯ ಕೊನೆಯ ವಾರ ಹನ್ನೊಂದು ಮಂದಿಯ ಸಭೆ ಸೇರಿತು. ವಿಷಯ ಅಂಟು. ಆಟೋ ಓಡುವಾಗ ಬ್ಯಾಟರಿಯ ಕೋಶಗಳು ಕಾಯುತ್ತವೆ. ಆ ಕಾವು ಅಂಟಿನ ಮೂಲಕ ತಗಡಿಗೆ ದಾಟಿ, ತಗಡಿನಿಂದ ಗಾಳಿಗೆ ಹೋಗಬೇಕು. ಹಳೆಯ ಅಂಟು ಒಣಗಲು ಎಂಟು ತಾಸು ಹಿಡಿಯುತ್ತಿತ್ತು. ಹೊಸದೊಂದು ಬಂದಿತ್ತು, ಎರಡೇ ತಾಸು. ಅದಿಲ್ಲದೆ ಆರು ಸಾವಿರ ಸಾಧ್ಯವಿರಲಿಲ್ಲ. ತಪಾಸಣೆ ಯಂತ್ರ ಮಾದರಿಗಳನ್ನೆಲ್ಲ ಪಾಸು ಮಾಡಿದೆ ಎಂದು ಅಮರೇಶ ಕಾಗದ ತೋರಿಸಿದ. ಕೈಗಳು ಮೇಲೇರಿದವು. ಗಂಟಲಪ್ಪ ಎರಡು ತೋರಿಸಿದ.

"ಎರಡು!" ಕಲಘಟಗಿಯವರು ಮೇಜು ತಟ್ಟಿದರು. "ಇದು ಸಂಘಟನೆ ಅಂದ್ರ."

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಸಾವಿರದ ಒಂಬೈನೂರು ಬ್ಯಾಟರಿಗಳು ಊರು ಸೇರಿದ್ದವು. ಆಗ ಫಿರ್ದೋಸ್ ನದಾಫ ಯಂತ್ರದ ತಪಾಸಣೆಗೆಂದು ಕಾರ್ಖಾನೆಗೆ ಬಂದಳು. ಅದರ ನೆನಪಿನಲ್ಲಿದ್ದ ಅಂಕಿಗಳನ್ನೆಲ್ಲ ಪರದೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದಳು.

"ಯಂತ್ರ ಕೆಟ್ಟೈತೇನ್ರಿ?" ಇಂದುಮತಿ ಕೇಳಿದಳು.

"ಯಂತ್ರ ಛಲೋ ಐತ್ರಿ. ಆದ್ರ ಈ ಅಂಕಿ ನಂಬಾಕ ಆಗವಲ್ದು. ಎರಡು, ನಾಕು, ಮೂರು. ಗಂಡಾ ಹೆಂಡತಿ ಇಬ್ರ ಕೂತ್ರೂ ಹತ್ತು ದಾಟ್ತೈತಿ. ಈ ಸಭಾದಾಗ ಎಷ್ಟು ಮಂದಿ ಇದ್ರಿ?"

"ಹನ್ನೊಂದು."

"ಮೊದಲು?"

"ಹತ್ತೊಂಬತ್ತು."

"ಬಿಟ್ಟು ಹೋದವರು ಯಾರು?"

ಇಂದುಮತಿ ಹೆಸರು ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಎಂಟರಲ್ಲಿ ಎಂಟೂ ಕೈಯಲ್ಲಿ ಕೆಲಸ ಮಾಡುವವರು.

ಫಿರ್ದೋಸ್ ತನ್ನ ಚೀಲ ಮುಚ್ಚಿದಳು. "ಕೋಣಿ ಹೊರಗ ಕೂತವರ ಗಂಟಲು ಇದಕ್ಕ ಕೇಳಂಗಿಲ್ರಿ, ಮೇಡಮ್. ಅದನ್ನ ನಾ ಮೊದಲ ಹೇಳಬೇಕಿತ್ತು. ಇಷ್ಟು ಸಾದಾ ಮಾತು ಯಾಕ ಹೇಳಬೇಕು ಅಂತ ಬಿಟ್ಟಿದ್ದೆ."

ಅವಳು ಹೋದ ಮೇಲೆ ಇಂದುಮತಿ ಯಂತ್ರವನ್ನು ಬಗಲಲ್ಲಿ ಹಿಡಿದು ಜೋಡಣೆ ವಿಭಾಗಕ್ಕೆ ಇಳಿದಳು. ಬೆಳಗಿನ ಹನ್ನೊಂದರ ಚಹಾ ಬಿಡುವು. ಹದಿನಾಲ್ಕು ಹೆಂಗಸರು ಉದ್ದನೆಯ ಬೆಂಚುಗಳ ಮೇಲೆ ಕೂತು ಚಹಾದಲ್ಲಿ ಬನ್ ಅದ್ದಿಕೊಂಡು ತಿನ್ನುತ್ತಿದ್ದರು. ಅವಳನ್ನು ಕಂಡು ಎಲ್ಲರೂ ತಿನ್ನುವುದು ಬಿಟ್ಟು ಎದ್ದರು. ಅವಳು ಕೈಸನ್ನೆಯಿಂದ ಕೂರಿಸಿ, ಯಂತ್ರವನ್ನು ಬೆಂಚಿನ ಮೇಲಿಟ್ಟು, ತಂತಿ ಚುಚ್ಚಿ ಚಾಲೂ ಮಾಡಿದಳು.

"ಹೊಸಾ ಅಂಟು ಹೆಂಗೈತಿ?"

"ಛಲೋ ಐತ್ರಿ," ಅಂದವು ನಾಲ್ಕಾರು ದನಿ.

ಅಂಕಿ ಓಡಿತು. ನಲವತ್ತು, ಅರವತ್ತು, ಎಂಬತ್ತಮೂರು. ಅಷ್ಟು ದೊಡ್ಡ ಅಂಕಿಯನ್ನು ಇಂದುಮತಿ ನೋಡಿರಲಿಲ್ಲ. ಹೆಂಗಸರೂ ನೋಡಿದರು, ನೋಡಿ ಇನ್ನಷ್ಟು ಮುದುಡಿದರು. ಒಬ್ಬಳು ಲೋಟ ಕೆಳಗಿಟ್ಟು ಹೋಗಲು ಎದ್ದಳು.

"ಅಕ್ಕಾರ," ಅಂದಳು ಸೋನಾಬಾಯಿ, "ಮೊದಲ ಅದನ್ನ ಬಂದ್ ಮಾಡ್ರಿ. ಕೆಂಪು ಚುಕ್ಕಿ ಬಂದ್ರ ಇವರೆಲ್ಲಾ ನನ್ನ ಬೈತಾರ. ಹಿಂದ ಒಮ್ಮೆ ಆಗೈತಿ."

ಇಂದುಮತಿ ಗುಂಡಿ ಒತ್ತಿ ಆರಿಸಿದಳು. ಅಷ್ಟಕ್ಕೇ ಬಿಡದೆ ಯಂತ್ರದ ತಂತಿಯನ್ನೂ ಕಿತ್ತಳು. ಆಮೇಲೆ ಬೆಂಚಿನ ತುದಿಯಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ ತಾನು ಕೂರುತ್ತಿದ್ದ ಹಾಗೆ, ಕಾಲು ಮಡಚಿ ಕೂತಳು. ಯಾರೋ ಅವಳಿಗೂ ಒಂದು ಲೋಟ ಚಹಾ ಕೊಟ್ಟರು.

ಸೋನಾಬಾಯಿ ಎದ್ದು ಹೋಗಿ ಎರಡು ತಗಡು ತಂದಳು. ಹಳೆಯ ಅಂಟಿನ ತಗಡಿನ ಮೇಲೆ ಉಗುರಿನಿಂದ ಬಡಿದಳು: ಟಕ್ ಟಕ್. ಹೊಸದರ ಮೇಲೆ ಬಡಿದಳು: ಡಬ್ ಡಬ್.

"ಕೇಳಿಸ್ತ್ರಿ? ಇದು ಮ್ಯಾಲ ಒಣಗತೈತಿ, ಒಳಗ ಹಸಿ ಇರತೈತಿ. ನಿಮ್ಮ ಮಿಷನ್ ಎರಡು ತಾಸಿಗೆ ನೋಡತೈತಿ, ಅವಾಗ ಹಿಡಕೊಂಡಿರತೈತಿ. ಬಿಸಲಾಗ ಕಾದು, ಖಡಿ ರಸ್ತಾದಾಗ ಕುಣದ್ರ ಬಿಡತೈತಿ. ತಗಡು ಬ್ಯಾರೆ, ಕೋಶ ಬ್ಯಾರೆ. ಆಮ್ಯಾಲ ಕಾವು ಎಲ್ಲಿ ಹೋಗಬೇಕ್ರಿ?"

"ಅಮರೇಶಗ ಹೇಳಿದ್ರೇನು?"

"ಹೇಳಿದ್ನಿರಿ. ಮಿಷನ್ ಪಾಸ್ ಮಾಡೈತಿ, ನಿನ್ನ ಉಗುರು ಏನು ಮಿಷನ್‌ಗಿಂತ ದೊಡ್ಡದೇನು ಅಂದ್ರು. ನಿಮಗ ಹೇಳಬೇಕಂದ್ರ..." ಸೋನಾಬಾಯಿ ನಿಲ್ಲಿಸಿದಳು. ಆಮೇಲೆ ಹೇಳಿಯೇಬಿಟ್ಟಳು. "ಸಭಾಕ್ಕ ನಮ್ಮ ಹೆಸರು ನೀವ ಹೊಡದೀರಿ ಅಂತ ಕೇಳಿದ್ವಿ. ಬ್ಯಾಡಂದವರ ಬಾಗಲಾ ಹೆಂಗ ಬಡಿಯೂದ್ರಿ?"

ಇಂದುಮತಿ ಚಹಾ ಲೋಟ ಕೆಳಗಿಟ್ಟಳು. "ಹೌದು, ನಾನ ಹೊಡದಿದ್ದೆ," ಅಂದಳು.

ಒಂದು ತಾಸಿನೊಳಗೆ ಸಭೆ ಕರೆದಳು. ಒಂದು ತಿಂಗಳು ಓಡಿ ವಾಪಸು ಬಂದಿದ್ದ ಬ್ಯಾಟರಿಯೊಂದನ್ನು ಮೇಜಿನ ಮೇಲಿಟ್ಟು, ಸೋನಾಬಾಯಿಯ ಕೈಗೇ ತಿರುಪುಳಿ ಕೊಟ್ಟಳು. ಮುಚ್ಚಳ ತೆಗೆದು ಸೋನಾಬಾಯಿ ಹೆಬ್ಬೆರಳು ತೂರಿಸಿದಳು. ಕಾದ ಹಂಚಿನಿಂದ ರೊಟ್ಟಿ ಎದ್ದ ಹಾಗೆ ಅಂಟು ಇಡಿಯಾಗಿ ಎದ್ದು ಬಂತು. ಎರಡು ಕೋಶಗಳ ಹೊಟ್ಟೆ ಸಣ್ಣಗೆ ಉಬ್ಬಿತ್ತು.

ಅಮರೇಶ ಕುರ್ಚಿಯಿಂದ ಎದ್ದ. "ಸಾಹೇಬ್ರ, ಒಂದ ಬ್ಯಾಟರಿ ನೋಡಿ ಹೇಳಾಕ ಬರಂಗಿಲ್ಲ. ಎಂಟು ದಿನ ಕೊಡ್ರಿ, ನೂರು ಬ್ಯಾಟರಿ ಟೆಸ್ಟ್ ಮಾಡಿ ವರದಿ ಕೊಡ್ತೀನಿ."

ಕಲಘಟಗಿಯವರು ಕಿಟಕಿಯಾಚೆ ನೋಡುತ್ತ ಕೇಳಿದರು: "ಎಂಟು ದಿನ ಕಾಯೂಣು. ಎಲ್ಲಾರೂ ಒಪ್ತೀರೇನು?"

ಒಂದೆರಡು ಕೈ ಎದ್ದವು, ಅವನ್ನು ನೋಡಿ ಉಳಿದವೂ ಏಳತೊಡಗಿದವು. ಯಂತ್ರ ಈಗ ಮೇಜಿನ ಮೇಲಿರಲಿಲ್ಲ. ಇಂದುಮತಿಗೆ ತನ್ನ ಗಂಟಲಿನಲ್ಲೇ ಆ ನಡುಕ ತಿಳಿಯಿತು, ಫಿರ್ದೋಸ್ ಹೇಳಿದ ಕೂದಲೆಳೆಯಷ್ಟಲ್ಲ, ಹಗ್ಗದಷ್ಟು ದಪ್ಪ.

"ನಾ ಒಪ್ಪಂಗಿಲ್ಲ ಸರ್. ಹೊರಗ ನಲವತ್ತು ಡಿಗ್ರಿ ಐತಿ. ಇವತ್ತ ಎಲ್ಲಾ ಬ್ಯಾಟರಿ ವಾಪಸ್ ತರಿಸಬೇಕು."

"ಇಂದುಮತಿ, ಆರ್ಡರ್ ಕೈ ಬಿಡ್ತೈತಿ."

"ಬಿಡಲಿ ಸರ್. ಆಟೋದಾಗ ಮಂದಿ ಕೂತಿರ್ತಾರ."

ಕಲಘಟಗಿಯವರು ಉಬ್ಬಿದ ಕೋಶವನ್ನು ಬೆರಳಿನಿಂದ ಒತ್ತಿ ನೋಡಿದರು. ಹಳೆಯ ಕಾಲದಲ್ಲಿ ಅವರೂ ಕೈಯಲ್ಲಿ ಬ್ಯಾಟರಿ ಕಟ್ಟಿದವರು. ಉಬ್ಬು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ತರಸ್ರಿ," ಅಂದರು.

ಮೊದಲ ದಿನ ಒಂಬೈನೂರು ಬಂದವು. ಎರಡನೆಯ ದಿನ ಏಳುನೂರು. ಮೂರನೆಯ ದಿನ ಮಧ್ಯಾಹ್ನ, ಮೌಲಾಸಾಬ ಬಂಕಾಪುರ ಎಂಬ ಚಾಲಕನ ಆಟೋದಲ್ಲಿ, ಸೀಟಿನ ಕೆಳಗಿಂದ ಹೊಗೆ ಎದ್ದಿತು. ಅವನು ಗಾಡಿ ನಿಲ್ಲಿಸಿ ಹಿಂದೆ ಕೂತಿದ್ದ ಮೂವರು ಹೆಂಗಸರನ್ನು ಇಳಿಸಿ, ಪಕ್ಕದ ಅಂಗಡಿಗೆ ಬೆಂಕಿ ಹತ್ತೀತೆಂದು ಬ್ಯಾಟರಿಯನ್ನು ಬರಿಗೈಯಲ್ಲಿ ಎಳೆದು ರಸ್ತೆಗೆ ಎಸೆದ. ಎರಡೂ ಅಂಗೈ ಸುಟ್ಟವು.

ಇಂದುಮತಿ ದವಾಖಾನೆಗೆ ಹೋದಳು. ಕೈಗಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಅವನು ದಿಂಬಿಗೆ ಒರಗಿದ್ದ. ಇವಳು ಕಾರ್ಖಾನೆಯವಳೆಂದು ತಿಳಿದು ಆ ಕೈಗಳನ್ನು ಮುಂದೆ ಚಾಚಿದ.

"ವಾಪಸ್ ಕೊಡ್ರಿ ಅಂತ ಕಟ್ಟ್ಯಾಗ ಮುಂಜಾನೆನ ಹೇಳಿದ್ರಿ," ಅಂದ ಆಮೇಲೆ. "ಒಂದ ಭಾಡಿಗಿ ಮುಗಿಸಿ ಕೊಟ್ರಾತು ಅಂತ ಹೋಗಿದ್ನಿ. ಎರಡು ದಿನ ಮೊದಲ ಹೇಳಿದ್ರ ಈ ಕೈ ಉಳೀತಿದ್ವು."

ಎರಡು ದಿನವಲ್ಲ, ಎರಡು ತಿಂಗಳು ಮೊದಲೇ ಹೇಳಬಲ್ಲವರು ಕಾರ್ಖಾನೆಯಲ್ಲಿದ್ದರು. ಇಂದುಮತಿ ಅದನ್ನು ಅವನಿಗೆ ಹೇಳಿದಳು. ಅವನು ಅವಳ ಮುಖವನ್ನೇ ದಿಟ್ಟಿಸಿದ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ಮತ್ತ ಅವರನ್ನ ಯಾಕ ಕೇಳಲಿಲ್ರಿ?" ಎಂದಷ್ಟೇ ಕೇಳಿದ.

ಉಳಿದ ಬ್ಯಾಟರಿಗಳಿಗಾಗಿ ಇಡೀ ಕಾರ್ಖಾನೆ ಆಟೋ ಸ್ಟ್ಯಾಂಡುಗಳನ್ನು ಸುತ್ತಿತು. ಅಮರೇಶನೇ ಬಿಸಿಲಲ್ಲಿ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ನಡೆದ. ಒಂಬತ್ತನೆಯ ದಿನ ಕೊನೆಯದು ಸಿಕ್ಕಿತು, ಕಲಘಟಗಿ ಊರಿಗೆ ಹೋಗುವ ಹಾದಿಯ ಒಂದು ಗ್ಯಾರೇಜಿನಲ್ಲಿ. ಆರ್ಡರ್ ಬೇರೆಯವರ ಪಾಲಾಯಿತು.

ತನಿಖೆಯಲ್ಲಿ ಇಂದುಮತಿ ಎಂಟು ಹೆಸರು ಹೊಡೆದ ಪಟ್ಟಿಯನ್ನು ತಾನೇ ಮುಂದಿಟ್ಟಳು. ಜನರಲ್ ಮ್ಯಾನೇಜರ್ ಹುದ್ದೆಯಿಂದ ಅವಳನ್ನು ಇಳಿಸಿ ಗುಣಮಟ್ಟ ವಿಭಾಗಕ್ಕೆ ಕಳಿಸಿದರು. ಆದೇಶ ಕೊಡುವಾಗ ಕಲಘಟಗಿಯವರು ತಲೆ ಎತ್ತಲಿಲ್ಲ. "ಫಲಕ ಹಾಕಿಸಿದಾಂವ ನಾನು," ಅಂದರು. "ನನ್ನ ಇಳಸಾಕ ಮ್ಯಾಲಿನವರು ಯಾರೂ ಇಲ್ಲ, ಅಷ್ಟ." ಮರುದಿನ ಬಾಗಿಲ ಬಳಿಯ ಫಲಕ ಇರಲಿಲ್ಲ.

ಆ ದಿನ ಅವಳು ಬೇಗ ಮನೆಗೆ ಬಂದಳು. ಪ್ರಕಾಶ ಪಡಸಾಲೆಯಲ್ಲಿ ಒಂದು ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದ. ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಪ್ರತಿ ಸಲವೂ ತಲೆ ಓರೆ ಮಾಡಿ ಬಲಗಿವಿಯನ್ನೇ ಪೆಟ್ಟಿಗೆಯ ಹತ್ತಿರ ತರುತ್ತಿದ್ದ. ಎಷ್ಟು ದಿನದಿಂದ ಹೀಗೆ ಕೂರುತ್ತಿದ್ದಾನೋ, ಅವಳು ಗಮನಿಸಿರಲಿಲ್ಲ.

ಅವಳು ಅವನ ಎಡಕ್ಕೆ ಕೂತು ಮೆಲ್ಲಗೆ, "ರೀ," ಅಂದಳು. ಅವನಿಗೆ ಕೇಳಿಸಲಿಲ್ಲ. ಬಲಕ್ಕೆ ಸರಿದು ಕೂತಳು.

"ಯಾವಾಗಿಂದ?"

ಅವನ ಬೆರಳು ಸ್ವರದ ಮೇಲೆ ನಿಂತಿತು. "ಎಂಟು ತಿಂಗಳಾತು. ಮೊದಲ ಗುಂಯ್ ಅಂತಿತ್ತು, ಈಗ ಏನೂ ಇಲ್ಲ. ನಿನಗ ಆರ್ಡರಿನ ಚಿಂತಿ ಇತ್ತು. ಮತ್ತ ಮಂದಿಗೆ ಗೊತ್ತಾದ್ರ ಪೆಟ್ಟಿಗಿ ಯಾರು ತರ್ತಾರ?"

"ಅವತ್ತು ಊಟಕ್ಕ ಕೂತಾಗ ಐವತ್ತೊಂದು ತೋರಿಸಿತ್ತು. ನಾ ಕೇಳಬೇಕಿತ್ತು."

"ಕೇಳಿದ್ರೂ ಹೇಳ್ತಿದ್ದಿಲ್ಲ ಬಿಡು," ಅಂದ ಪ್ರಕಾಶ. ಆ ಸ್ವರವನ್ನು ಮತ್ತೊಮ್ಮೆ ಒತ್ತಿ, "ಎರಡ ಸಲ ಕೇಳಿದ್ರ ಹೇಳ್ತಿದ್ನೇನೋ," ಅಂದ.

ಒಳಗಿಂದ ಗಂಗವ್ವ, "ನಂಗ ಎಂದೋ ಗೊತ್ತಿತ್ತು. ನನಗ ಯಾರ ಕೇಳ್ತೀರಿ?" ಎಂದಳು. ಮರುವಾರ ಮೂವರೂ ಕಿವಿಯ ವೈದ್ಯರ ಬಳಿ ಹೋದರು. ಎಡಗಿವಿ ಪೂರ್ತಿ ಮರಳುವುದಿಲ್ಲ ಎಂದರು ವೈದ್ಯರು. ಕಿವಿಗೆ ಹಾಕಿಕೊಳ್ಳುವ ಒಂದು ಯಂತ್ರ ಕೊಟ್ಟರು. ಸ್ವರ ಕೂಡಿಸಲು ಪ್ರಕಾಶ ತನ್ನ ಹಳೆಯ ಶಿಷ್ಯೆಯೊಬ್ಬಳನ್ನು ಅಂಗಡಿಗೆ ಸೇರಿಸಿಕೊಂಡ.

ಜೂನ್ ಮೊದಲ ಸೋಮವಾರ ಗುಣಮಟ್ಟ ವಿಭಾಗದ ಸಭೆ. ಇಂದುಮತಿ ಅದನ್ನು ಜೋಡಣೆ ವಿಭಾಗದ ಬೆಂಚುಗಳ ನಡುವೆಯೇ ಇಟ್ಟಿದ್ದಳು, ಯಾರು ಬೇಕಾದರೂ ಕೂರಬಹುದಿತ್ತು. ಇಪ್ಪತ್ತಾರು ಮಂದಿ ಬಂದಿದ್ದರು. ಗಂಟಲಪ್ಪನೂ ಬೆಂಚಿನ ಮೇಲಿದ್ದ, ಈಗ ಅವನ ಅಂಕಿಯನ್ನು ಯಾರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ.

ಇಂದುಮತಿ ಎರಡು ವಾರ ಕೂತು ಹೊಸ ತಪಾಸಣೆ ಪದ್ಧತಿ ಸಿದ್ಧಪಡಿಸಿದ್ದಳು. ಪ್ರತಿ ಬ್ಯಾಟರಿಯನ್ನೂ ಮೂವರು ಬೇರೆ ಬೇರೆ ಹಂತದಲ್ಲಿ ನೋಡಿ ಸಹಿ ಮಾಡಬೇಕು. ಯಾರ ಕಣ್ಣಿಗಾದರೂ ದೋಷ ಬಿದ್ದೇ ಬೀಳುತ್ತದೆ. ತಾನು ಮಾಡಿದ ಕೆಲಸಗಳಲ್ಲಿ ಇದು ಒಳ್ಳೆಯದೆಂದು ಅವಳಿಗೆ ಅನ್ನಿಸಿತ್ತು. ವಿವರಿಸಿ ಮುಗಿಸುವ ಹೊತ್ತಿಗೆ ಹಲವರು ತಲೆದೂಗುತ್ತಿದ್ದರು.

"ಅಕ್ಕಾರ, ಅದು ಹಂಗಲ್ರಿ," ಅಂದಳು ಸೋನಾಬಾಯಿ.

"ಯಾಕ?"

"ಮೂರು ಮಂದಿ ನೋಡಿದ್ರ ಯಾರೂ ನೋಡಿದಂಗ ಆಗಂಗಿಲ್ರಿ. ಮುಂದಿನಾಕಿ ನೋಡತಾಳ ಅಂತ ಹಿಂದಿನಾಕಿ ಸಹಿ ಮಾಡತಾಳ. ಹಿಂದಿನಾಕಿ ನೋಡ್ಯಾಳ ಅಂತ ಮುಂದಿನಾಕಿ ಮಾಡತಾಳ. ನಡುವಿನಾಕಿ ಅಂತೂ ಕಣ್ಣ ತೆಗಿಯಂಗಿಲ್ಲ. ಒಬ್ಬಾಕಿ ಹೆಸರಿಗೆ ಒಂದು ಬ್ಯಾಟರಿ ಹಚ್ರಿ. ಬ್ಯಾಡ ಅನಿಸಿದ್ರ ಲೈನ್ ನಿಲ್ಲಿಸೂ ಗುಂಡಿ ಆಕಿ ಕೈಯಾಗ ಕೊಡ್ರಿ."

ಬೆಂಚಿನ ಮೇಲೆ ಯಾರೋ ನಕ್ಕರು. ಇಂದುಮತಿಗೆ ಎರಡು ವಾರದ ಕಾಗದಗಳು ಮಡಿಲಲ್ಲಿ ಭಾರವೆನಿಸಿದವು. ಇಪ್ಪತ್ತಾರು ಮಂದಿಯ ಎದುರು ಹೀಗೆ ಮುರಿಯಬೇಕೆ, ಮೊದಲೇ ಒಂದು ಮಾತು ಹೇಳಬಾರದಿತ್ತೆ ಎನ್ನುವುದು ನಾಲಿಗೆಯ ತುದಿಗೆ ಬಂತು. ಅವಳು ತುಟಿ ಬಿಗಿದಳು. ಹನ್ನೊಂದರಲ್ಲಿದ್ದ ಅಂಕಿ ಇಪ್ಪತ್ತಕ್ಕೆ ಏರಿತು, ಎಲ್ಲರೂ ಅತ್ತ ನೋಡಿದರು. ಯಾರದೆಂದು ಯಂತ್ರ ಹೇಳಲಿಲ್ಲ.

"ಅದು ನಂದು," ಅಂದಳು ಇಂದುಮತಿ. "ನಂಗ ಸಿಟ್ಟು ಬಂದೈತಿ, ಸೋನಾಬಾಯಿ. ಭಾಳ ಸಿಟ್ಟು ಬಂದೈತಿ." ಮಡಿಲಿನ ಕಾಗದಗಳನ್ನು ಮಗುಚಿ, ಖಾಲಿ ಬದಿ ಮೇಲೆ ಮಾಡಿಕೊಂಡು ಪೆನ್ನು ತೆಗೆದಳು. "ಆ ಗುಂಡಿ ಎಲ್ಲಿ ಇರ್ಬೇಕು? ಹೇಳ್ರಿ."